ಠಾಣೆಯ ಒಳಗಿನ ಮಾತು

ಕಾಳಿದಾಸನ ಶಾಕುಂತಲ ನಾಟಕದ ಆರನೆಯ ಅಂಕದ ಆರಂಭದಲ್ಲಿ ಒಂದು ಚಿಕ್ಕ ದೃಶ್ಯವುಂಟು. ಆ ನಾಟಕವನ್ನು ಬಸವಪ್ಪ ಶಾಸ್ತ್ರಿಗಳು ಕನ್ನಡಕ್ಕೆ ತಂದಿರುವುದರಿಂದ ಮೈಸೂರಿನ ಕೇಳುಗರಲ್ಲಿ ಅನೇಕರಿಗೆ ಅದರ ಪರಿಚಯವಿದ್ದೇ ಇರುತ್ತದೆ. ಬೆಸ್ತನೊಬ್ಬನು ತಾನು ಹಿಡಿದ ಮೀನಿನ ಹೊಟ್ಟೆಯಲ್ಲಿ ಒಂದು ಉಂಗುರವನ್ನು ಕಾಣುತ್ತಾನೆ. ಅದನ್ನು ಮಾರಲು ಪೇಟೆಗೆ ತಂದಾಗ, ಅದರಲ್ಲಿ ಅರಸನ ಹೆಸರಿರುವುದನ್ನು ಕಂಡು ಕಾವಲಿನವರು ಅವನನ್ನು ಹೆಡಮುರಿ ಕಟ್ಟಿ ಕರೆತರುತ್ತಾರೆ. ಕಾವಲಿನವರು ಇಬ್ಬರು, ಅವರಿಗೊಬ್ಬ ಮೇಲಧಿಕಾರಿ, ಅವನು ಅರಸನ ಮೈದುನ. ಬೆಸ್ತನು ಒಂದು ಮಾತು ಹೇಳಹೊರಟರೆ ಇಬ್ಬರೂ ಅವನನ್ನು ಗದರಿಸುತ್ತಾರೆ, ಹಾಸ್ಯಮಾಡುತ್ತಾರೆ, ಹೊಡೆಯುತ್ತಾರೆ. ಅಧಿಕಾರಿಯು ಉಂಗುರವನ್ನು ತೆಗೆದುಕೊಂಡು ಅರಮನೆಯ ಒಳಕ್ಕೆ ಹೋದಾಗ, ಇವನನ್ನು ಕೊಲ್ಲುವುದಕ್ಕೆ ತನ್ನ ಕೈ ಕಡಿಯುತ್ತಿದೆ ಎಂದು ಒಬ್ಬನು ಹೇಳುತ್ತಾನೆ. ಸ್ವಲ್ಪ ಹೊತ್ತಿನಲ್ಲಿಯೇ ಅಧಿಕಾರಿಯು ಹಿಂದಿರುಗಿ, ಬೆಸ್ತನು ನಿರಪರಾಧಿಯೆಂದೂ, ಉಂಗುರದ ಬೆಲೆಯಷ್ಟು ಹಣವನ್ನು ಅರಸನು ಇನಾಮಾಗಿ ಕೊಟ್ಟಿದ್ದಾನೆಂದೂ ತಿಳಿಸುತ್ತಾನೆ. ಬೆಸ್ತನು ಅದರಲ್ಲಿ ಅರ್ಧವನ್ನು ಕಾವಲಿನವರ ಕೈಗೆ ಹಾಕುತ್ತಾನೆ. ಆಗ ಎಲ್ಲರೂ ಪ್ರಾಣಸ್ನೇಹಿತರಾಗಿ ಹೆಂಡದಂಗಡಿಯ ಕಡೆಗೆ ನಡೆಯುತ್ತಾರೆ.

ಈ ದೃಶ್ಯವನ್ನು ಓದಿ ನಾವು ನಗುತ್ತೇವೆ. ನಕ್ಕ ಮೇಲೆ ಸ್ವಲ್ಪ ಯೋಚಿಸುವುದೂ ಲೇಸು. ಅಪರಾಧವು ಸಿದ್ಧವಾಗುವ ಮೊದಲೇ ಶಿಕ್ಷೆಯು ಆರಂಭವಾಗಿದೆ. ನಿರಪರಾಧಿಯೆಂದು ತಿಳಿದ ಮೇಲೂ ಯಾರಿಗೂ ಪಶ್ಚಾತ್ತಾಪವಿಲ್ಲ. ಆದರೆ ಇನ್ನೊಂದು ಸಂಗತಿಯನ್ನು ಓದುಗರು ಅಷ್ಟಾಗಿ ಗಮನಿಸುವುದಿಲ್ಲ. ಕಾವಲಿನವರು ಬೆಸ್ತನ ಬಾಯಿ ಮುಚ್ಚಿಸುತ್ತಿರುವಾಗ ಅಧಿಕಾರಿಯು, ಅವನು ಎಲ್ಲವನ್ನೂ ಕ್ರಮವಾಗಿ ಹೇಳಲಿ, ನಡುವೆ ತಡೆಯಬೇಡಿರಿ ಎನ್ನುತ್ತಾನೆ. ಒಡನೆಯೇ ಇಬ್ಬರೂ, ತಮ್ಮ ಅಪ್ಪಣೆಯಂತೆ ಆಗಲಿ ಎಂದು ಸುಮ್ಮನಾಗುತ್ತಾರೆ. ಹೊಡೆಯುವ ಕೈ ಕೆಳಗಿನವರದು. ಆ ಕೈಯನ್ನು ನಿಲ್ಲಿಸುವ ಮಾತು ಮೇಲಿನವನದು. ಈ ಹೊತ್ತು ನಾವು ಹೇಳಬೇಕೆಂದಿರುವ ವಿಷಯದ ತಿರುಳು ಇಷ್ಟೇ.

ಪೋಲೀಸಿನವರನ್ನು ಹಳಿಯುವುದು ಸುಲಭ, ಹೊಗಳುವುದೂ ಕಷ್ಟವಲ್ಲ. ಎರಡೂ ನಮ್ಮ ಉದ್ದೇಶವಲ್ಲ. ಠಾಣೆಯೆಂಬುದೂ ಒಂದು ಕಚೇರಿ. ಅದರೊಳಗೆ ಮನುಷ್ಯರು ಒಬ್ಬರೊಡನೊಬ್ಬರು ಹೇಗೆ ನಡೆದುಕೊಳ್ಳುತ್ತಾರೆ, ಆ ನಡವಳಿಕೆಯು ಹೊರಗಿನ ನಮ್ಮ ಮೇಲೆ ಏನು ಪರಿಣಾಮವನ್ನುಂಟುಮಾಡುತ್ತದೆ ಎಂಬುದನ್ನು ಮಾತ್ರ ವಿಚಾರಮಾಡೋಣ. ಮೈಸೂರಿನಲ್ಲಿ 1935ರಲ್ಲಿ ಆಕಾಶವಾಣಿಯನ್ನು ಆರಂಭಿಸಿದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಆದುದರಿಂದ ಇಂಥ ವಿಚಾರವು ಆಕಾಶವಾಣಿಗೆ ಹೊರಗಿನದಲ್ಲವೆಂದು ಭಾವಿಸುತ್ತೇವೆ. ಪ್ರತಿಯೊಂದು ಕಸುಬೂ ತನ್ನನ್ನು ಹಿಡಿದವನ ಮನಸ್ಸಿಗೆ ಒಂದು ಬಾಗನ್ನು ಕೊಡುತ್ತದೆ. ಇಪ್ಪತ್ತು ವರ್ಷ ಪಾಠಹೇಳಿದ ನಮ್ಮಂಥವರು ಎದುರಿಗಿರುವವನಿಗೆ ಏನೂ ತಿಳಿಯದೆಂದೇ ಮಾತನ್ನಾರಂಭಿಸುತ್ತೇವೆ. ಮನೆಯವರು ಎಚ್ಚರಿಸಿದಾಗಲೇ ನಮಗೆ ಅದು ಗೊತ್ತಾಗುವುದು. ಹಾಗೆಯೇ, ಹಗಲಿರುಳೂ ಕಳ್ಳರು, ಕುಡುಕರು, ಜಗಳಗಂಟರ ನಡುವೆ ಇರುವವನು ಎದುರಿಗೆ ಬಂದವರನ್ನೆಲ್ಲ ಮೊದಲು ಸಂಶಯದಿಂದ ನೋಡಿದರೆ ಆಶ್ಚರ್ಯವಿಲ್ಲ. ಆ ಬಾಗನ್ನು ತಿದ್ದುವುದು ಕಚೇರಿಯ ರೀತಿನೀತಿಗೆ ಸೇರಿದ ಕೆಲಸ. ರೀತಿನೀತಿಯೇ ಅದನ್ನು ಇನ್ನಷ್ಟು ಬಾಗಿಸುವಂತಿದ್ದರೆ ಏನು ಗತಿ?

ಕೆಲವು ವರ್ಷಗಳ ಹಿಂದೆ ನಾವು ನಂಜನಗೂಡಿನ ದೊಡ್ಡ ಜಾತ್ರೆಗೆ ಹೋಗಿದ್ದೆವು. ಅಲ್ಲಿ ಪಂಚ ಮಹಾರಥಗಳ ಉತ್ಸವವೆಂಬುದನ್ನು ಕೇಳುಗರು ಬಲ್ಲರು. ಗಣಪತಿಯ ರಥ ಮುಂದೆ ಸಾಗಿ, ಶ್ರೀಕಂಠೇಶ್ವರನ ಮಹಾರಥದ ಮಿಣಿಯನ್ನು ಸಾವಿರಾರು ಕೈಗಳು ಹಿಡಿದೆಳೆಯುವಾಗ, ಹಣ್ಣು ಜವನಗಳು ಮಳೆಯಂತೆ ಬೀಳುವಾಗ, ಆ ಗಾಲಿಗಳ ಬಳಿಯಲ್ಲಿ ಜನರನ್ನು ಹಿಂದಕ್ಕೆ ತಳ್ಳುತ್ತ ನಿಲ್ಲುವವರು ಪೋಲೀಸಿನವರು. ರಥಬೀದಿಯ ಒಂದು ತಿರುವಿನಲ್ಲಿ ಖಾಕಿಯ ಉಡುಪಿನ ಒಬ್ಬ ಯುವಕನು ನಮ್ಮನ್ನು ಗುರುತುಹಿಡಿದು ಕೈಮುಗಿದನು. ನಮ್ಮ ಹಳೆಯ ವಿದ್ಯಾರ್ಥಿ, ಪದವೀಧರ, ಆಗ ಕಾನ್‌ಸ್ಟೇಬಲು. ಬೇರೊಂದು ತಾಲ್ಲೂಕಿನಿಂದ ಬಂದೋಬಸ್ತಿಗಾಗಿ ಬಂದಿದ್ದನು.

"ಎಷ್ಟು ಹೊತ್ತಿನಿಂದ ನಿಂತಿದ್ದೀಯಪ್ಪ?" ಎಂದೆವು.

"ರಾತ್ರಿ ಎರಡು ಗಂಟೆಗೆ ರೋಲ್ ಕಾಲ್ ಆಯಿತು ಸಾರ್. ತೇರೆಲ್ಲ ನೆಲೆ ಸೇರೋವರೆಗೂ ಇಲ್ಲೇ."

"ತಿಂಡಿ?"

"ಪೊಟ್ಟಣ ಬರುತ್ತೆ ಸಾರ್, ಬಂದಾಗ."

ಇಷ್ಟು ಮಾತನಾಡುತ್ತಿರುವಾಗ ಹಳ್ಳಿಯ ಮುದುಕನೊಬ್ಬನು ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು, ಕಟ್ಟಿದ್ದ ಹಗ್ಗದ ಕೆಳಗೆ ನುಸುಳಿ ಬಂದನು. ನಮ್ಮ ವಿದ್ಯಾರ್ಥಿಯು ಗಿರಕ್ಕನೆ ತಿರುಗಿ, "ಏಯ್, ಎಲ್ಲಿಗೋ ನುಗ್ತೀಯ? ಕಣ್ಣು ಕಾಣಲ್ವೇನೋ?" ಎಂದು ಅಬ್ಬರಿಸಿದನು. ಮುದುಕನು ಹೆದರಿ ಹಿಂದಕ್ಕೆ ಸರಿದನು. ಅವನಿಗೆ ನಮ್ಮ ವಿದ್ಯಾರ್ಥಿಯ ತಂದೆಯ ವಯಸ್ಸಾಗಿರಬಹುದು. ಮರುಗಳಿಗೆಯಲ್ಲಿಯೇ ಈ ಯುವಕನು ನಮ್ಮ ಕಡೆಗೆ ತಿರುಗಿ, "ಬಿಸಿಲು ಸಾರ್, ಈ ಪಕ್ಕ ಬನ್ನಿ" ಎಂದನು. ಬಾಯಿ ಒಂದೇ, ನುಡಿ ಎರಡು. ನಾವು ಕನ್ನಡದಲ್ಲಿ ಏಕವಚನ ಬಹುವಚನಗಳನ್ನು ವ್ಯಾಕರಣದ ವಿಷಯವೆಂದು ಪಾಠಹೇಳುತ್ತೇವೆ. ಬೀದಿಯಲ್ಲಿ ಅದು ವ್ಯಾಕರಣವಲ್ಲ, ಮನುಷ್ಯನ ಬೆಲೆ.

ಹತ್ತು ನಿಮಿಷ ಕಳೆದಿರಲಿಲ್ಲ. ಒಂದು ಜೀಪು ಬಂದು ನಿಂತಿತು. ಯಾವ ಊರಿನ ಅಧಿಕಾರಿಯೋ ನಾವರಿಯೆವು; ಕೇಳಲೂ ಇಲ್ಲ. ಜೀಪಿನಿಂದ ಇಳಿಯದೆಯೇ, "ಏನಯ್ಯಾ, ಹರಟೆ ಹೊಡೀತಾ ನಿಂತಿದ್ದೀಯ? ನಿನ್ನನ್ನ ಇಲ್ಲಿ ಹಾಕಿರೋದು ಯಾತಕ್ಕೆ?" ಎಂದು ನೂರು ಜನರ ಎದುರಿನಲ್ಲಿ ಕೂಗಿದರು. ಆಗ ನಮ್ಮ ವಿದ್ಯಾರ್ಥಿಯು ಸೆಟೆದು ನಿಂತು ಸಲಾಮು ಮಾಡಿದನು. ಹರಟೆಗೆ ಕಾರಣರಾದವರು ನಾವು, ಬೈಗುಳನ್ನುಂಡವನು ಅವನು. ಜೀಪು ಮುಂದೆ ಹೋದಮೇಲೆ ನಮಗೆ ಅವನ ಮುಖವನ್ನು ನೋಡುವುದಕ್ಕೆ ಸಂಕೋಚವಾಯಿತು. ಅವನೇ ನಕ್ಕು, "ಬಿಡಿ ಸಾರ್, ಅವರಿಗೂ ಮೇಲಿನಿಂದ ಬಿದ್ದಿರುತ್ತೆ" ಎಂದನು.

ಈ ಒಂದು ಮಾತನ್ನು ನಾವು ಮರೆತಿಲ್ಲ. ನಂಜನಗೂಡಿನ ಸೋಪಾನಗಳನ್ನು ತೊಳೆದು ಹರಿಯುವ ಕಪಿಲೆಯೇ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವುದು. ಇಲ್ಲಿ ನೀರಿಗೆ ಬಿದ್ದುದು ಅಲ್ಲಿಯ ಸಂಗಮವನ್ನು ಮುಟ್ಟದೆ ಇರದು. ಮೇಲಿನವರು ಆಡಿದ ಮಾತೂ ಹಾಗೆಯೇ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮೇಲಿನ ಸಾಹೇಬರಿಂದ ಡಿ. ವೈ. ಎಸ್. ಪಿ.ಗೆ, ಅವರಿಂದ ಇನ್ಸ್‌ಪೆಕ್ಟರಿಗೆ, ಅವರಿಂದ ಸಬ್‌ಇನ್ಸ್‌ಪೆಕ್ಟರಿಗೆ, ದಫೇದಾರನಿಗೆ, ಕಾನ್‌ಸ್ಟೇಬಲಿಗೆ ಇಳಿದು, ಕಾನ್‌ಸ್ಟೇಬಲಿನ ಕೆಳಗೆ ಇಲಾಖೆಯಲ್ಲಿ ಇನ್ನಾರೂ ಇಲ್ಲದಿರುವುದರಿಂದ ಕೊನೆಗೆ ಹಗ್ಗದ ಕೆಳಗೆ ನುಸುಳಿದ ಮುದುಕನ ಮೇಲೆ ಬೀಳುತ್ತದೆ.

ಈ ಮೆಟ್ಟಿಲುಗಳು ಎಂದು ಕಟ್ಟಲ್ಪಟ್ಟವೆಂಬುದನ್ನು ಸ್ವಲ್ಪ ನೋಡಬೇಕು. ಮೈಸೂರು ಸೀಮೆಯಲ್ಲಿ ಮೊದಲು ಹಳ್ಳಿಯ ಕಾವಲು ತಳವಾರ ತೋಟಿಗಳದು. ಅದರ ಮೇಲೆ ಕಂದಾಚಾರದ ಪ್ಯೂನುಗಳು. ಕಂದಾಯದ ವಸೂಲಿಗೂ ಕಳ್ಳರ ಶೋಧಕ್ಕೂ ಅದೇ ಜನ. ನಮ್ಮ ನೆರೆಯ ಮದರಾಸು ಆಧಿಪತ್ಯದಲ್ಲಿಯೂ ಇಂಥದೇ ಏರ್ಪಾಡು. ನರಸೀಪುರಕ್ಕೆ ಕೂಗಳತೆಯಲ್ಲಿರುವ ಕೊಳ್ಳೇಗಾಲವು 1956ರವರೆಗೆ ಆ ಕಡೆಗೇ ಸೇರಿತ್ತಷ್ಟೆ. ಕಂದಾಯದ ನೌಕರರೂ ಪೋಲೀಸಿನವರೂ ರೈತರಿಗೆ ಚಿತ್ರಹಿಂಸೆ ಕೊಡುತ್ತಾರೆಂಬ ದೂರನ್ನು ವಿಚಾರಿಸಲು ಅಲ್ಲಿ ಒಂದು ಆಯೋಗವೇ ನೇಮಕವಾಗಿ, ದೂರು ನಿಜವೆಂದು 1855ರಲ್ಲಿ ವರದಿಮಾಡಿತು. ಅನಂತರ 1861ರಲ್ಲಿ ಪೋಲೀಸು ಶಾಸನವು ಬಂದಿತು. ಇಂಗ್ಲೆಂಡಿನವರು ತಮ್ಮ ರಾಜಧಾನಿಗೆ ಸರ್ ರಾಬರ್ಟ್ ಪೀಲನು 1829ರಲ್ಲಿ ಏರ್ಪಡಿಸಿದ ನಾಗರಿಕ ಪೋಲೀಸನ್ನು ಇಟ್ಟುಕೊಂಡರು. ನಮಗೆ ಕೊಟ್ಟದ್ದು ಐರ್ಲೆಂಡಿನ ಮಾದರಿಯನ್ನು. ಐರಿಷ್ ಪೋಲೀಸು ಬಂದೂಕು ಹಿಡಿದು, ಬ್ಯಾರಕ್ಕಿನಲ್ಲಿ ವಾಸಿಸಿ, ಅಧೀನ ಪ್ರಜೆಗಳನ್ನು ಹತೋಟಿಯಲ್ಲಿಡುವುದಕ್ಕಾಗಿ ಹುಟ್ಟಿದ ದಂಡು. ಅದರಲ್ಲಿ ಅಪ್ಪಣೆಮಾಡುವ ವರ್ಗವೇ ಬೇರೆ, ಅಪ್ಪಣೆಯನ್ನು ನಡೆಸುವ ವರ್ಗವೇ ಬೇರೆ. ನಡೆಸುವವನು ಯೋಚಿಸಬೇಕಾದುದಿಲ್ಲ, ಯೋಚಿಸಿದರೆ ತೊಂದರೆ.

ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. 1872ರ ಸಾಕ್ಷ್ಯ ಶಾಸನದ 25ನೆಯ ಪ್ರಕರಣದಂತೆ, ಆಪಾದಿತನು ಪೋಲೀಸು ಅಧಿಕಾರಿಯ ಮುಂದೆ ತಪ್ಪೊಪ್ಪಿಕೊಂಡರೆ ಆ ಒಪ್ಪಿಗೆಯನ್ನು ಅವನ ವಿರುದ್ಧ ನ್ಯಾಯಾಲಯದಲ್ಲಿ ರುಜುವಾತುಪಡಿಸುವಂತಿಲ್ಲ. ಹೊಡೆದು ಹೇಳಿಸಿರಬಹುದೆಂಬ ಶಂಕೆಯೇ ಇದಕ್ಕೆ ಕಾರಣ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ 23ನೆಯ ಪ್ರಕರಣವಾಗಿ ಈ ನಿಯಮವು ಉಳಿದುಕೊಂಡಿದೆ. ಪ್ರಜೆಗಳಿಗೆ ಇದು ರಕ್ಷೆ. ತೆಗೆದುಹಾಕಬೇಕೆಂದು ನಾವು ಹೇಳುವುದಿಲ್ಲ. ಆದರೆ ಠಾಣೆಯ ಒಳಗೆ ಕುಳಿತವನ ಮನಸ್ಸಿನಿಂದ ನೋಡಿರಿ. ಅವನು ನೂರೈವತ್ತು ವರ್ಷಗಳಿಂದ, ಕಾನೂನೇ ನಂಬದ ನೌಕರ. ನಿನ್ನ ಮಾತನ್ನು ನಂಬುವುದಿಲ್ಲವೆಂದು ಹೇಳಿ, ಇಷ್ಟು ದಿನದೊಳಗೆ ಕಳ್ಳನನ್ನು ಹಿಡಿದು ತಾ ಎಂದರೆ, ಅವನ ಮನಸ್ಸಿನಲ್ಲಿ ಆತ್ಮಗೌರವವು ಹೇಗೆ ಬೆಳೆಯಬೇಕು? 1902–03ರಲ್ಲಿ ಸರ್ ಆಂಡ್ರ್ಯೂ ಫ್ರೇಜರರ ಆಯೋಗವು, ಪೋಲೀಸಿನ ತರಬೇತಿಯೂ ವ್ಯವಸ್ಥೆಯೂ ಕೊರತೆಯಿಂದ ಕೂಡಿದೆಯೆಂದೂ, ಜನರು ಅದನ್ನು ಲಂಚಕೋರವೆಂದೂ ಪೀಡಕವೆಂದೂ ಬಗೆಯುತ್ತಾರೆಂದೂ ಕಂಡಿತು. ಆಯೋಗಗಳು ಅಲ್ಲಿಗೆ ನಿಲ್ಲಲಿಲ್ಲ; ಮೆಟ್ಟಿಲುಗಳು ಮಾತ್ರ ಇದ್ದಲ್ಲಿಯೇ ಇದ್ದವು.

ಇನ್ನು ದುಡಿಮೆಯ ವಿಷಯ. 2019ರಲ್ಲಿ ಕಾಮನ್ ಕಾಸ್ ಮತ್ತು ಸಿ. ಎಸ್. ಡಿ. ಎಸ್. ಎಂಬ ಎರಡು ಸಂಸ್ಥೆಗಳು 21 ರಾಜ್ಯಗಳಲ್ಲಿ ಸುಮಾರು 12,000 ಮಂದಿ ಪೋಲೀಸಿನವರನ್ನು ವಿಚಾರಿಸಿ ಒಂದು ವರದಿಯನ್ನು ಪ್ರಕಟಿಸಿದವು. ಸರಾಸರಿ ಅವರು ದಿನಕ್ಕೆ 14 ಗಂಟೆ ಕೆಲಸಮಾಡುತ್ತಾರೆ. ಇಬ್ಬರಲ್ಲಿ ಒಬ್ಬರಿಗೆ ವಾರದ ರಜೆಯೇ ಇಲ್ಲ. ನಾಲ್ವರಲ್ಲಿ ಒಬ್ಬರು, ಮೇಲಿನವರು ತಮ್ಮ ಮನೆಗೆಲಸವನ್ನು ಕೆಳಗಿನವರಿಂದ ಮಾಡಿಸುತ್ತಾರೆಂದರು. ಐವರಲ್ಲಿ ಇಬ್ಬರು, ಮೇಲಿನವರು ಕೆಟ್ಟ ಮಾತನ್ನು ಬಳಸುತ್ತಾರೆಂದರು. ಅದೇ ವರದಿಯಲ್ಲಿ, ಅಪರಾಧಿಗಳ ಮೇಲೆ ಪೋಲೀಸಿನವರು ಬಲಪ್ರಯೋಗ ಮಾಡುವುದು ಸರಿಯೆಂದು ನಾಲ್ವರಲ್ಲಿ ಮೂವರು ಹೇಳಿದರು. ಈ ಸಂಖ್ಯೆಗಳನ್ನು ಬೇರೆಬೇರೆಯಾಗಿ ಓದಬಾರದು. ಹದಿನಾಲ್ಕು ಗಂಟೆ ನಿಂತು, ರಜೆಯಿಲ್ಲದೆ, ಸಾಹೇಬರ ಮನೆಯ ತರಕಾರಿಯನ್ನು ತಂದುಕೊಟ್ಟು, ಅದರ ಮೇಲೆ ಬೈಸಿಕೊಂಡವನೇ ಸಂಜೆ ಲಾಕಪ್ಪಿನ ಬಾಗಿಲನ್ನು ತೆರೆಯುವವನು.

ಅವನಿಗೆ ತನ್ನ ಕಷ್ಟವನ್ನು ಹೇಳಿಕೊಳ್ಳಲು ದಾರಿಯುಂಟೆ? ಗಿರಣಿಯ ಕೆಲಸಗಾರರಿಗೆ ಸಂಘವುಂಟು. ಅಧ್ಯಾಪಕರಾದ ನಮಗೂ ಉಂಟು. ಪೋಲೀಸಿನವರಿಗೆ 1966ರ ಒಂದು ಶಾಸನದಂತೆ, ಅನುಮತಿಯಿಲ್ಲದೆ ಸಂಘಕಟ್ಟುವ ಹಕ್ಕಿಲ್ಲ. ಆಯುಧ ಹಿಡಿದವರು ಗುಂಪುಕಟ್ಟಬಾರದೆಂಬುದರಲ್ಲಿ ಅರ್ಥವಿದೆ. ಆದರೆ ಬಾಯಿ ಮುಚ್ಚಿದ ಕಡೆ ಕಿವಿಯನ್ನಾದರೂ ತೆರೆದಿಡಬೇಕಲ್ಲವೆ? 2016ರಲ್ಲಿ ಕರ್ನಾಟಕದ ಪೋಲೀಸಿನವರು ಜೂನ್ 4ರಂದು ಸಾಮೂಹಿಕವಾಗಿ ರಜೆ ಹಾಕುವರೆಂಬ ಸುದ್ದಿಯು ಹಬ್ಬಿತು. ಅವರ ಅಹವಾಲು ಸಂಬಳ, ರಜೆ, ಮೇಲಿನವರ ಕಿರುಕುಳ ಈ ಮೂರೇ. ಸರ್ಕಾರವು ಬಿಗಿಯಾಗಿ ನಿಂತಿತು, ಮುಖಂಡನು ಬಂಧಿತನಾದನು, ಆ ದಿನ ಸಾಮಾನ್ಯ ದಿನದಂತೆಯೇ ಕಳೆಯಿತು. ಸಂಬಳದ ವಿಷಯವು ಔರಾದ್ಕರ್ ಸಮಿತಿಯ ಕೈಗೆ ಹೋಯಿತು. ಮುಂದಿನ ತಿಂಗಳಿನಲ್ಲಿ, ಮೂರು ದಿನಗಳ ಅವಧಿಯಲ್ಲಿ, ಬೆಳಗಾವಿಯ ಕಡೆ ಒಬ್ಬರು, ಮಡಿಕೇರಿಯಲ್ಲಿ ಒಬ್ಬರು, ಹೀಗೆ ಇಬ್ಬರು ಡಿ. ವೈ. ಎಸ್. ಪಿ.ಗಳು ಆತ್ಮಹತ್ಯೆ ಮಾಡಿಕೊಂಡರು. ಆ ಸಾವುಗಳ ಕಾರಣವನ್ನು ನಿರ್ಣಯಿಸುವುದು ತನಿಖೆಗೆ ಸೇರಿದ ಕೆಲಸ, ನಮ್ಮದಲ್ಲ. ಆದರೆ ಎತ್ತರದ ಮೆಟ್ಟಿಲಿನಲ್ಲಿ ನಿಂತವರೂ ಸುಖಿಗಳಲ್ಲವೆಂಬುದು ಆ ವಾರದಲ್ಲಿ ನಾಡಿಗೆಲ್ಲ ತಿಳಿಯಿತು.

ಇದರಿಂದ ಜನರಿಗೇನಾಯಿತು? ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವ ಅವರ 'ಒಡಲಾಳ'ವನ್ನು ಓದಿದವರಿಗೆ, ಕಡಲೆಕಾಯಿಯ ಕಳವನ್ನು ಶೋಧಿಸಲು ಪೋಲೀಸಿನವರು ಬಡವಳ ಹಟ್ಟಿಗೆ ನುಗ್ಗುವ ಸಂದರ್ಭವು ನೆನಪಿರಬಹುದು. ಹಸಿದ ಮನೆಗೆ ಸರ್ಕಾರವು ಬರುವುದು ಆ ಒಂದೇ ಉಡುಪಿನಲ್ಲಿ. ಪಟ್ಟಣದಲ್ಲಿರುವ ನಮಗೆ ಠಾಣೆಯೆಂದರೆ ಪಾಸ್‌ಪೋರ್ಟಿನ ವಿಚಾರಣೆ. ಹಟ್ಟಿಯವರಿಗೆ ಅದು ಬೇರೆ. ನಾವೇ ಒಮ್ಮೆ, ನಮ್ಮ ಮನೆಯ ಕೆಲಸದಾಕೆಯ ಮಗನ ಬೈಸಿಕಲ್ಲು ಕಳವಾದಾಗ, ಅವಳೊಡನೆ ಒಂದು ಠಾಣೆಗೆ ಹೋಗಿದ್ದೆವು. ಠಾಣೆಯ ಹೆಸರು ಬೇಡ. ಹಿಂದಿನ ದಿನ ಅವಳು ಒಬ್ಬಳೇ ಹೋಗಿ ಮಧ್ಯಾಹ್ನದವರೆಗೆ ಹೊರಗಿನ ಕಟ್ಟೆಯ ಮೇಲೆ ಕುಳಿತು ಬಂದಿದ್ದಳು. ಈ ದಿನ ನಮಗೆ ಕುರ್ಚಿ ಬಂದಿತು, ಕಾಫಿ ಬಂದಿತು. ಅವಳು ನಿಂತೇ ಇದ್ದಳು. ರೈಟರು ಬಹಳ ಸೌಮ್ಯವಾಗಿ, "ಬರೆದುಕೊಂಡರೆ ಈ ತಿಂಗಳ ಲೆಕ್ಕ ಏರುತ್ತೆ ಸಾರ್, ಸಾಹೇಬರು ಕೇಳ್ತಾರೆ. ಹುಡುಕಿಸಿಕೊಡ್ತೀವಿ ಬಿಡಿ" ಎಂದರು.

ಈ ಲೆಕ್ಕದ ಗುಟ್ಟನ್ನು ಕೇಳುಗರು ಅರಿಯಬೇಕು. ಕಳೆದ ವರ್ಷಕ್ಕಿಂತ ಈ ವರ್ಷ ಅಪರಾಧಗಳು ಹೆಚ್ಚಾಗಿವೆಯೆಂದರೆ ಠಾಣೆಯವರು ಉತ್ತರಕೊಡಬೇಕಾಗುತ್ತದೆ. ಅಪರಾಧವನ್ನು ಕಡಮೆಮಾಡುವುದು ಕಷ್ಟ, ಬರೆದುಕೊಳ್ಳದಿರುವುದು ಸುಲಭ. ಶಿಕ್ಷಾರ್ಹವಾದ ಗಂಭೀರ ಅಪರಾಧದ ದೂರು ಬಂದರೆ ಅದನ್ನು ಕಡ್ಡಾಯವಾಗಿ ದಾಖಲೆ ಮಾಡಿಕೊಳ್ಳಬೇಕೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಹೇಳಿತು. ನ್ಯಾಯಾಲಯದ ಮಾತು ದೂರದಲ್ಲಿದೆ. ಸಾಹೇಬರ ಮಾತು ದಿನವೂ ಕಿವಿಯ ಹತ್ತಿರವಿದೆ. ಬಡವಳು ಕಟ್ಟೆಯ ಮೇಲೆ ಕಾದದ್ದು ರೈಟರ ಕ್ರೌರ್ಯದಿಂದಲ್ಲ, ಭಯದಿಂದ.

ಭಯವು ಎಲ್ಲಿಯವರೆಗೆ ಮುಟ್ಟಬಹುದೆಂಬುದಕ್ಕೆ ನಮ್ಮ ಮೈಸೂರು ಜಿಲ್ಲೆಯದೇ ಒಂದು ಮೊಕದ್ದಮೆಯನ್ನು ಹೇಳಬೇಕಾಗಿದೆ. ಕೊಡಗಿನ ಒಬ್ಬ ಆದಿವಾಸಿ ಕೂಲಿಕಾರನು ತನ್ನ ಹೆಂಡತಿ ಕಾಣೆಯಾಗಿದ್ದಾಳೆಂದು ತಾನಾಗಿಯೇ ಪೋಲೀಸಿಗೆ ದೂರುಕೊಟ್ಟನು. ಕೆಲವು ತಿಂಗಳ ಮೇಲೆ, 2021ರಲ್ಲಿ, ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಠಾಣೆಯ ಸರಹದ್ದಿನಲ್ಲಿ ಒಂದು ಅಸ್ಥಿಪಂಜರವು ಸಿಕ್ಕಿತು. ಅದು ಅವನ ಹೆಂಡತಿಯದೆಂದು ತೀರ್ಮಾನವಾಯಿತು, ದೂರುಕೊಟ್ಟವನೇ ಕೊಲೆಗಾರನಾದನು. ಡಿ. ಎನ್. ಎ. ಪರೀಕ್ಷೆಯು ಹೊಂದಲಿಲ್ಲ, ಆದರೂ ಮೊಕದ್ದಮೆಯು ನಡೆಯಿತು. ವರ್ಷಕ್ಕೂ ಮೀರಿದ ಕಾಲ ಅವನು ಸೆರೆಮನೆಯಲ್ಲಿದ್ದನು. 2025ರ ಏಪ್ರಿಲ್ ತಿಂಗಳಿನಲ್ಲಿ, ಸತ್ತಳೆಂದಿದ್ದ ಹೆಂಡತಿಯು ಮಡಿಕೇರಿಯ ಒಂದು ಹೋಟೆಲಿನಲ್ಲಿ ಊಟಮಾಡುತ್ತಿದ್ದುದನ್ನು ಪರಿಚಯದವರು ಕಂಡರು! ಮೈಸೂರಿನ ನ್ಯಾಯಾಲಯವು ಅವನನ್ನು ಬಿಡುಗಡೆಮಾಡಿ, ಒಂದು ಲಕ್ಷ ರೂಪಾಯಿ ಪರಿಹಾರಕ್ಕೆ ಆಜ್ಞೆಮಾಡಿತು.

ಶಾಕುಂತಲದ ಬೆಸ್ತನಿಗಾದರೂ ಒಂದೇ ದಿನದಲ್ಲಿ ಅರಸನ ಇನಾಮು ಸಿಕ್ಕಿತು. ಈ ಬಡವನ ಕಥೆಯಲ್ಲಿ ನಮ್ಮನ್ನು ಕಾಡುವ ಪ್ರಶ್ನೆ ಬೇರೆಯೇ. ಒಂದು ತನಿಖೆಯೆಂದರೆ ಒಬ್ಬನ ಕೆಲಸವಲ್ಲ. ಮಹಜರು ಬರೆಯುವವನೊಬ್ಬ, ಜೊತೆಗೆ ಹೋಗುವವನೊಬ್ಬ, ಕಡತ ಕಟ್ಟುವವನೊಬ್ಬ, ಅದನ್ನು ನೋಡಿ ಸಹಿಮಾಡುವ ಮೇಲಿನವರು ಹಲವರು. ಅವರಲ್ಲಿ ಯಾರಾದರೂ ಒಬ್ಬರು, "ಸ್ವಾಮಿ, ಪರೀಕ್ಷೆಯ ವರದಿ ಹೊಂದುತ್ತಿಲ್ಲ, ಇನ್ನೊಮ್ಮೆ ನೋಡೋಣ" ಎಂದು ಗಟ್ಟಿಯಾಗಿ ಹೇಳಿ, ಆ ಮಾತಿಗೆ ಬೆಲೆಯೂ ಸಿಕ್ಕಿದ್ದರೆ, ಒಬ್ಬ ಮನುಷ್ಯನ ಬಾಳು ಉಳಿಯುತ್ತಿತ್ತು. ಕಿರಿಯನು ಹಿರಿಯನಿಗೆ ಇಷ್ಟನ್ನು ಹೇಳಬಲ್ಲ ಕಚೇರಿಯಲ್ಲಿ ತಪ್ಪು ಆಗುವುದೇ ಇಲ್ಲವೆಂದಲ್ಲ. ಆದ ತಪ್ಪು ತಿದ್ದಿಕೊಳ್ಳುತ್ತದೆ. ಹೇಳಲಾರದ ಕಚೇರಿಯಲ್ಲಿ ತಪ್ಪು ಸಹಿಯಿಂದ ಸಹಿಗೆ ಬೆಳೆಯುತ್ತ ಹೋಗುತ್ತದೆ. ಶಿಸ್ತೆಂದರೆ ಮೌನವೆಂದು ತಿಳಿದಿರುವುದೇ ಈ ಇಲಾಖೆಯ ದೊಡ್ಡ ಕೇಡು.

ಇದಕ್ಕೆ ಪ್ರತಿಯಾಗಿ ಹೇಳಬಹುದಾದ ಮಾತೂ ಉಂಟು. ಲಕ್ಷ ಜನರ ಜಾತ್ರೆಯಲ್ಲಿ ಚರ್ಚೆ ಮಾಡುತ್ತ ನಿಲ್ಲುವುದಕ್ಕಾಗುವುದೆ? ರಥದ ಗಾಲಿಯ ಮುಂದೆ ಬಹುವಚನವನ್ನು ಹುಡುಕುವ ಹೊತ್ತಿಗೆ ಒಬ್ಬನ ಪ್ರಾಣವೇ ಹೋದೀತು. ಇದು ನಿಜ. ಬದನವಾಳಿನಂಥ ಊರು ಇದೇ ನಂಜನಗೂಡು ತಾಲ್ಲೂಕಿನಲ್ಲಿದೆ. ಗಾಂಧೀಜಿಯವರ ಖಾದಿಯ ನೆನಪನ್ನು ಹೊತ್ತ ಆ ಊರಿನಲ್ಲಿಯೇ 1993ರಲ್ಲಿ ದೇವಾಲಯ ಪ್ರವೇಶದ ವಿವಾದವು ಬೆಳೆದು ಮೂವರು ದಲಿತರ ಕೊಲೆಯಾಯಿತು. ದುರ್ಬಲನನ್ನು ಕಾಯಲು ಬಲವುಳ್ಳ ಪೋಲೀಸು ಬೇಕು. ಮೆತ್ತನೆಯ ಪೋಲೀಸಿನಿಂದ ಬಲ್ಲಿದನಿಗೇ ಲಾಭ. ಆದರೆ ಬಿಗಿ ಬೇರೆ, ಒರಟುತನ ಬೇರೆ. ಬಿಗಿಯುಳ್ಳವನು ಬಲ್ಲಿದನನ್ನೂ ಬಡವನನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸುತ್ತಾನೆ. ಒರಟನು ಬಡವನಿಗೆ ಹುಲಿಯಾಗಿ, ಬಲ್ಲಿದನಿಗೆ ಕುರ್ಚಿ ತಂದುಹಾಕುತ್ತಾನೆ.

ಆ ಕುರ್ಚಿಯ ವಿಷಯದಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ವಿದ್ಯಾವಂತರಾದ ನಾವು ಠಾಣೆಯ ಕೆಲಸವಿದ್ದರೆ ಮೊದಲು ಹುಡುಕುವುದು ಪರಿಚಯದ ಅಧಿಕಾರಿಯನ್ನು. "ಮೇಲಿನಿಂದ ಒಂದು ಫೋನು ಮಾಡಿಸಿ" ಎನ್ನುತ್ತೇವೆ. ಆ ಫೋನು ಕೆಳಗೆ ಬಂದು ಯಾರ ತಲೆಯ ಮೇಲೆ ಬೀಳುತ್ತದೆಂದು ಕೇಳುವುದಿಲ್ಲ. ಕಳವಾದರೆ, "ನಾಲ್ಕು ಬಿಗಿದರೆ ತಾನೇ ಹೇಳ್ತಾನೆ" ಎನ್ನುವವರು ನಾವೇ. ಹೀಗೆ ಬಿಗಿದವನೇ ನಾಳೆ ನಮ್ಮ ಹುಡುಗನ ಮೇಲೆ ಕೈಮಾಡಿದರೆ ಪತ್ರಿಕೆಗೆ ಬರೆಯುವವರೂ ನಾವೇ. ಮೆಟ್ಟಿಲುಗಳನ್ನು ಕಟ್ಟಿದವರು ಇಂಗ್ಲಿಷರಾಗಿರಬಹುದು. ಅದನ್ನು ದಿನವೂ ಸವೆಸುತ್ತಿರುವ ಕಾಲುಗಳಲ್ಲಿ ನಮ್ಮವೂ ಇವೆ.

ಪರಿಹಾರವನ್ನು ಹೊಸದಾಗಿ ಹುಡುಕಬೇಕಾಗಿಲ್ಲ. 1977ರಿಂದ 1981ರವರೆಗೆ ಧರ್ಮವೀರರ ಅಧ್ಯಕ್ಷತೆಯಲ್ಲಿ ಕೆಲಸಮಾಡಿದ ರಾಷ್ಟ್ರೀಯ ಪೋಲೀಸು ಆಯೋಗವು ಕಾನ್‌ಸ್ಟೇಬಲಿನ ಬಾಳುವೆಯಿಂದಲೇ ತನ್ನ ವಿಚಾರವನ್ನು ಆರಂಭಿಸಿತು. 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಠಾಣಾಧಿಕಾರಿಗೂ ಜಿಲ್ಲೆಯ ಸೂಪರಿಂಟೆಂಡೆಂಟರಿಗೂ ಕನಿಷ್ಠ ಎರಡು ವರ್ಷ ಒಂದೇ ಸ್ಥಳವಿರಲಿ, ತನಿಖೆಯ ಕೆಲಸವೂ ಬಂದೋಬಸ್ತಿನ ಕೆಲಸವೂ ಬೇರೆಯಾಗಲಿ, ಪೋಲೀಸಿನ ಮೇಲಿನ ದೂರನ್ನು ಕೇಳಲು ರಾಜ್ಯಕ್ಕೂ ಜಿಲ್ಲೆಗೂ ಪ್ರಾಧಿಕಾರಗಳಿರಲಿ ಎಂದು ಆಜ್ಞೆಮಾಡಿತು. 2020ರ ಡಿಸೆಂಬರಿನಲ್ಲಿ ಪ್ರತಿ ಠಾಣೆಗೂ ಕ್ಯಾಮೆರಾಗಳನ್ನು ಹಾಕಬೇಕೆಂದಿತು. ಕ್ಯಾಮೆರಾವು ಕೈಯನ್ನು ತಡೆಯಬಹುದು. ಮನಸ್ಸನ್ನು ತಿದ್ದುವುದಕ್ಕೆ ಬೇಕಾದುದು ಎಂಟು ಗಂಟೆಯ ಪಾಳಿ, ವಾರಕ್ಕೊಂದು ದಿನ ಹೆಂಡತಿ ಮಕ್ಕಳ ಮುಖ, ಮತ್ತು ಮೇಲಿನವರ ಬಾಯಿಯಲ್ಲಿ ಒಂದು ಬ. 'ಬಾ' ಎನ್ನುವುದಕ್ಕೂ 'ಬನ್ನಿ' ಎನ್ನುವುದಕ್ಕೂ ಸರ್ಕಾರದ ಬೊಕ್ಕಸಕ್ಕೆ ಒಂದೇ ಖರ್ಚು.

ಬದಲಾವಣೆಯೇ ಇಲ್ಲವೆಂದಲ್ಲ. ಒಂದು ಪಕ್ಕ ಮಡಿಸಿದ ಹಳೆಯ ಟೋಪಿಯನ್ನು ತೆಗೆದು, ಅಧಿಕಾರಿಗಳ ಟೋಪಿಯನ್ನು ಹೋಲುವ ಹೊಸ ಟೋಪಿಯನ್ನು 2025ರ ಅಕ್ಟೋಬರಿನಲ್ಲಿ ಕರ್ನಾಟಕದ ಕಾನ್‌ಸ್ಟೇಬಲುಗಳಿಗೆ ಕೊಟ್ಟರು. ಕೆಲವರು ಇದನ್ನು ಕೇಳಿ ನಕ್ಕರು, ನಾವು ನಗಲಿಲ್ಲ. ತಲೆಯ ಮೇಲಿನದು ಸಮವಾದರೆ ತಲೆಗೂ ಒಂದು ದಿನ ಬೆಲೆ ಬಂದೀತು.

ಕೊನೆಯದಾಗಿ ಒಂದು ಸಂಗತಿ. 1989ರಿಂದ ನಡೆದುಬಂದಿರುವ ತಿರುಮಕೂಡಲು ನರಸೀಪುರದ ಕುಂಭಮೇಳಕ್ಕೆ 2025ರ ಫೆಬ್ರವರಿಯಲ್ಲಿ ನಾವೂ ಹೋಗಿದ್ದೆವು. ಗುಂಜಾ ನರಸಿಂಹನ ಗುಡಿಯ ಕಡೆಯಿಂದ ಹೊಳೆಗೆ ಇಳಿಯುವ ಜನರ ನಡುವೆ ಅದೇ ನಮ್ಮ ವಿದ್ಯಾರ್ಥಿಯು ನಿಂತಿದ್ದನು. ಈಗ ಅವನ ತೋಳಿನ ಮೇಲೆ ದಫೇದಾರನ ಪಟ್ಟಿ. ಕೈಕೆಳಗೆ ನಾಲ್ಕು ಜನ ಹೊಸ ಹುಡುಗರು. ಅವರಲ್ಲಿ ಒಬ್ಬನು ಸ್ನಾನಕ್ಕೆ ಇಳಿಯುತ್ತಿದ್ದ ಮುದುಕಿಯೊಬ್ಬಳನ್ನು, "ಏಯ್, ಹಿಂದಕ್ಕೆ ಹೋಗಮ್ಮಾ" ಎಂದು ಗದರಿಸಿದನು. ದಫೇದಾರನು ಹತ್ತಿರಕ್ಕೆ ಹೋಗಿ, ಆ ಹುಡುಗನ ಹೆಗಲ ಮೇಲೆ ಕೈಯಿಟ್ಟು, ಮೆಲ್ಲನೆ, "ಹಾಗಲ್ಲ ಮಹೇಶಪ್ಪ, ಮೆಟ್ಟಿಲು ಜಾರುತ್ತೆ ಅಂತ ಹೇಳಿ, ಕೈ ಕೊಡಿ" ಎಂದನು. ಹುಡುಗನು ಮುದುಕಿಗೆ ಕೈ ಕೊಟ್ಟನು.

ಕೈಕೆಳಗಿನ ಹುಡುಗನಿಗೆ ಅವನು 'ಕೊಡಿ' ಎಂದುದನ್ನು ನಾವು ನಮ್ಮ ಕಿವಿಯಿಂದಲೇ ಕೇಳಿದೆವು. ಮೇಲಿನಿಂದ ಬಿದ್ದುದನ್ನೆಲ್ಲ ಅವನು ಕೆಳಕ್ಕೆ ಬಿಡಲಿಲ್ಲ, ತನ್ನಲ್ಲಿಯೇ ತಡೆದುಕೊಂಡನು. ಅದು ಅವನೊಬ್ಬನ ಸದ್ಗುಣವಾಗಿ ಉಳಿಯದೆ, ಇಲಾಖೆಯ ನಡವಳಿಕೆಯೇ ಆಗುವಂತೆ ಮಾಡುವುದು ಸರ್ಕಾರದ ಕರ್ತವ್ಯ. ಅದನ್ನು ಕೇಳುವುದು ನಮ್ಮ ಕರ್ತವ್ಯ. ಕೇಳುವಾಗ ನಾವು ಅವನಿಗೆ ಬಹುವಚನವನ್ನು ಬಳಸಿದರೆ ಇನ್ನೂ ಲೇಸು.